ಅಕ್ಷರ ಬಿಟ್ಟಿ ಬಂದದ್ದಲ್ಲ, ಕನ್ನಡಿಗರೇ!



ಈ ಪತ್ರಿಕೆ ಅಚ್ಚಾಗುವುದು ನಮ್ಮ ಪ್ರೆಸ್ಸಿನಲ್ಲಿ. ಇಷ್ಟು ದಿನ ನಿಮ್ಮ ಕೈಗೆ ಬಂದದ್ದು ಬೇರೆಯವರ ಮಾತು, ನನ್ನ ಮಸಿ. ಈ ಸಲ ಸಂಪಾದಕರು, "ಪ್ರತಿ ಸಂಚಿಕೆಗೂ ಫಾಂಟು ಸರಿಯಿಲ್ಲ ಅಂತ ಗೊಣಗ್ತೀರಲ್ರೀ, ಅದನ್ನ ಬರೀರಿ" ಎಂದು ತಮ್ಮ ಜಾಗವನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ನಾನು ಪಿ.ಯು.ಸಿ. ಮುಗಿಸಿ ಮಸಿಗೆ ಕೈಯಿಟ್ಟವನು. ಪಂಡಿತನಲ್ಲ. ಆದರೆ ಕನ್ನಡದ ಅಕ್ಷರವನ್ನು ಸೀಸದಲ್ಲೂ ಹಿಡಿದಿದ್ದೇನೆ, ಪರದೆಯ ಮೇಲೂ ಹಿಡಿದಿದ್ದೇನೆ. ಆ ಒಂದೇ ಅಧಿಕಾರದ ಮೇಲೆ ನಾಲ್ಕು ಮಾತು. ಕೆಲವು ಖಾರ ಅನ್ನಿಸಬಹುದು. ಖಾರದ ಮೊದಲ ತುತ್ತು ನಾನೇ ತಿಂದಿದ್ದೇನೆ, ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಹೋದ ದೀಪಾವಳಿಗೆ ನನ್ನ ತಂಗಿಯ ಮಗ ಊರಿಗೆ ಬಂದಿದ್ದ. ಬೆಂಗಳೂರಿನಲ್ಲಿ ಪ್ರೋಗ್ರಾಂ ಬರೆಯುವ ಕೆಲಸ. ಪ್ರೆಸ್ಸಿನ ಲಕ್ಷ್ಮೀ ಪೂಜೆ ಮುಗಿದ ಮೇಲೆ ಅಲ್ಲೇ ಕೂತು ಲ್ಯಾಪ್‌ಟಾಪ್ ತೆರೆದ. ಕರಿ ಪರದೆ, ಅದರ ಮೇಲೆ ಬಣ್ಣಬಣ್ಣದ ಇಂಗ್ಲಿಷ್ ಅಕ್ಷರದ ಸಾಲು. ನನ್ನ ಕಣ್ಣು ಮೊದಲು ಹೋಗುವುದೇ ಅಕ್ಷರದ ಮೇಲೆ. ಇದ್ಯಾವ ಫಾಂಟೋ ಅಂದೆ.

"ಫೀರಾ ಕೋಡ್ ಅಂತ ಮಾಮಾ. ನಾವು ದಿನಕ್ಕ ಹತ್ತು ತಾಸು ಇದನ್ನ ನೋಡ್ಕೋತ ಕುಂದರತೇವಿ. ಸೊನ್ನಿ ಯಾವ್ದು, ಓ ಯಾವ್ದು, ಒಂದು ಯಾವ್ದು, ಎಲ್ ಯಾವ್ದು ಅಂತ ನೋಡಿದ ಕೂಡ್ಲೆ ತಿಳೀಬೇಕು. ಒಂದು ತಪ್ಪಿದ್ರ ಇಡೀ ಕೆಲಸ ಕೆಡ್ತೈತಿ. ಅದಕ್ಕ ಫಾಂಟಿನ ವಿಷಯದಾಗ ನಮ್ಮವ್ರು ಜಗಳ ಆಡ್ತಾರ."

ನನಗೆ ಹಿಗ್ಗಾಯಿತು. ನಾವು ಕಂಪೋಸಿಂಗಿನವರು ಮಾಡುತ್ತಿದ್ದ ಜಗಳವೇ ಅದು! ಆಮೇಲೆ ಅವನು ಇನ್ನೊಂದು ತೋರಿಸಿದ. ಅಡ್ಡಗೆರೆ ಒತ್ತಿ, ಪಕ್ಕಕ್ಕೆ ಕೋನದ ಗುರುತು ಒತ್ತಿದರೆ ಎರಡೂ ಕೂಡಿ ಒಂದೇ ಬಾಣವಾಗಿ ನಿಂತವು. ಲೇ ತಮ್ಮಾ, ಇದು ನಮ್ಮ ಒತ್ತಕ್ಷರ ಅಲ್ಲೇನೋ ಅಂದೆ. ಎರಡು ಕೂಡಿ ಒಂದಾಗುವ ಕಲೆ ಇಂಗ್ಲಿಷಿನವರಿಗೆ ಹೊಸತಿರಬಹುದು, ನಾವು ಸಾವಿರ ವರ್ಷದಿಂದ ಅದನ್ನೇ ಬರೆಯುತ್ತಿದ್ದೇವೆ. ಹುಡುಗ ನಕ್ಕ, "ಖರೇನ ಮಾಮಾ, ಒಳಗಿನ ವಿದ್ಯಾ ಎರಡಕ್ಕೂ ಒಂದ" ಅಂದ.

ಫೀರಾ ಎಂಬ ಆ ಅಕ್ಷರವನ್ನು ಮೊದಲು ಮಾಡಿಸಿದ್ದು ಫೈರ್‌ಫಾಕ್ಸ್‌ನ ಮೊಜಿಲ್ಲಾ ಸಂಸ್ಥೆ. ಅದನ್ನು ಪ್ರೋಗ್ರಾಂ ಬರೆಯುವವರಿಗಾಗಿ ಬೆಳೆಸಿದವನು ನಿಕಿತಾ ಪ್ರೊಕೊಪೊವ್ ಎಂಬ ರಷ್ಯಾ ಮೂಲದ ಒಬ್ಬ ಪ್ರೋಗ್ರಾಮರ್. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಆದರೂ ನನ್ನ ಸೋದರಳಿಯ ಪ್ರತಿ ತಿಂಗಳು ಆ ಮನುಷ್ಯನಿಗೆ 5 ಡಾಲರ್ ಕಳಿಸುತ್ತಾನಂತೆ. ನಮ್ಮ ಲೆಕ್ಕದಲ್ಲಿ 400 ರೂಪಾಯಿಗೂ ಮೇಲೆ. ಯಾರೂ ಕೇಳಿಲ್ಲ, ಬಿಲ್ಲಿಲ್ಲ. "ಅವನ ಅಕ್ಷರದ ಮ್ಯಾಲ ನನ್ನ ಸಂಬಳ ನಿಂತೈತಿ ಮಾಮಾ, ಅವನೂ ಉಣ್ಣಬೇಕಲ್ಲ?"

ಭಲೇ ಅಂದೆ. ಆಮೇಲೆ ಕೇಳಿದೆ: ಕನ್ನಡದ ಫಾಂಟು ಮಾಡಿದವರಿಗೆ ಎಷ್ಟು ಕಳಸ್ತೀ?

ಹುಡುಗ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ, "ಎಲ್ಲಿಗೆ ಕಳಸ್ಲಿ ಮಾಮಾ? ಯಾರು ಮಾಡ್ಯಾರ ಅಂತ ನಿಮಗರ ಗೊತ್ತೈತೇನು?" ಅಂದ.

ಕನ್ನಡಿಗರೇ, ನಾನು ಮೂವತ್ತು ವರ್ಷದಿಂದ ಕನ್ನಡ ಅಕ್ಷರ ಮಾರಿ ಹೊಟ್ಟೆ ಹೊರೆದವನು. ಆ ಹುಡುಗನ ಪ್ರಶ್ನೆಗೆ ನನ್ನ ಬಾಯಲ್ಲಿ ಉತ್ತರ ಇರಲಿಲ್ಲ!

ನಮ್ಮಪ್ಪನ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಆಗ ಅಕ್ಷರಕ್ಕೆ ತೂಕವಿತ್ತು, ತೂಕಕ್ಕೆ ಬೆಲೆಯಿತ್ತು. ಮೊಳೆ ಕೊಳ್ಳುವುದೆಂದರೆ ಕಿಲೋ ಲೆಕ್ಕದಲ್ಲಿ ಸೀಸ ಕೊಳ್ಳುವುದು. 12 ಪಾಯಿಂಟಿನ ಒಂದು ಸೆಟ್ಟು ಹೊಸದು ತಂದ ದಿನ ಮನೆಯಲ್ಲಿ ಹೋಳಿಗೆ ಆಗುತ್ತಿತ್ತು. ಇಂಗ್ಲಿಷಿನ ಕೇಸು ಒಂದು ಮೇಜಿನ ಮೇಲೆ ಮುಗಿದರೆ ಕನ್ನಡದ ಕೇಸು ಗೋಡೆ ಹಿಡಿಯುತ್ತಿತ್ತು. ಕಾಗುಣಿತ ಬೇರೆ, ಒತ್ತು ಬೇರೆ, ಅರ್ಕಾವೊತ್ತು ಬೇರೆ. 1982ರ ಗೋಕಾಕ್ ಚಳವಳಿಯ ಕರಪತ್ರಗಳನ್ನು ಅಪ್ಪ ಅದೇ ಮೊಳೆಯಿಂದ ಟ್ರೆಡಲ್ ಮೇಲೆ ಹೊಡೆದ. ‘ಕನ್ನಡಕ್ಕೆ’ ಎಂಬ ಪದದ ಕಕಾರದ ಒತ್ತು ಖಾಲಿಯಾಗಿ ಪಕ್ಕದ ಪ್ರೆಸ್ಸಿನಿಂದ ಕಡ ತಂದಿದ್ದನಂತೆ. ಅಕ್ಷರ ಕಡ ತರುವ ಕಾಲ ಅದು! ಬಿಟ್ಟಿ ಬರುತ್ತದೆ ಎಂದು ಯಾರೂ ತಿಳಿದಿರಲಿಲ್ಲ.

ಡಿ.ಟಿ.ಪಿ. ಬಂತು. ನಾನು ಗಲ್ಲೆಗೆ ಕೂತ ಹೊಸದರಲ್ಲಿ ಆ ಮೊಳೆಗಳನ್ನೆಲ್ಲ ಗೋಣಿಚೀಲಕ್ಕೆ ಸುರಿದು ದುರ್ಗದಬೈಲಿನ ಹತ್ತಿರ ಗುಜರಿಗೆ ಹಾಕಿ ಬಂದೆ. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಗ ಬಂದದ್ದು ಪುಣೆ, ಬೆಂಗಳೂರು ಕಂಪನಿಗಳ ಕನ್ನಡ ತಂತ್ರಾಂಶಗಳು. ಗಣಕದ ಹಿಂದೆ ಚುಚ್ಚುವ ಡಾಂಗಲ್ ಎಂಬ ಬೀಗ. ಅದಿಲ್ಲದಿದ್ದರೆ ಒಂದು ಅಕ್ಷರ ಮೂಡದು. ಒಂದು ಹಳೇ ಸ್ಕೂಟರಿನ ಬೆಲೆ ಕೊಟ್ಟು ಒಂದನ್ನು ಕೊಂಡೆ. ಎರಡನೇ ಗಣಕಕ್ಕೆ ಕೊಳ್ಳಲಿಲ್ಲ. ಗೆಳೆಯನೊಬ್ಬ ಬೀಗ ಮುರಿದ ಸಿಡಿ ತಂದ, ಹಾಕಿಕೊಂಡೆ. ಮೂರನೆಯದಕ್ಕೂ ಅದನ್ನೇ ಹಾಕಿದೆ. ಕಳ್ಳತನ ಎಂದು ನನಗೆ ಅನ್ನಿಸಲೇ ಇಲ್ಲ. ಮೊಳೆಯನ್ನು ಕದ್ದರೆ ಪೊಲೀಸರು ಬರುತ್ತಿದ್ದರು. ಸಿಡಿಯನ್ನು ಕದ್ದರೆ ಜಾಣ ಎನ್ನುತ್ತಿದ್ದರು. ಈ ಊರಿನಲ್ಲಿ ನಾನೊಬ್ಬನೇ ಜಾಣನಲ್ಲ ಎಂಬುದು ಓದುತ್ತಿರುವ ಎಷ್ಟೋ ಪ್ರೆಸ್ಸಿನವರಿಗೆ ಗೊತ್ತು.

ಆ ಜಾಣತನದ ಬೆಲೆ ತೆತ್ತದ್ದು ಎರಡು ವರ್ಷದ ಹಿಂದೆ. ನವಲಗುಂದ ಕಡೆಯ ಒಬ್ಬ ಕನ್ನಡ ಶಾಲೆ ಮಾಸ್ತರು ಊರೂರು ತಿರುಗಿ ಬೀಸುವ ಪದ, ಸೋಬಾನೆ ಪದ ಕೂಡಿಸಿ 2003ರಲ್ಲಿ ನಮ್ಮಲ್ಲಿ ಪುಸ್ತಕ ಮಾಡಿಸಿದ್ದರು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ, ಮತ್ತೊಮ್ಮೆ ಅಚ್ಚು ಹಾಕಿಸಬೇಕೆಂದು ಬಂದರು. "ನಿಮ್ಮ ಹತ್ರ ಎಲ್ಲಾ ಇರತೈತಲ್ರೀ ಸಾಹುಕಾರ್ರ, ಬರೇ ಗುಂಡಿ ಒತ್ತೂದು" ಎಂದರು. ಸಿಡಿ ಇತ್ತು. ಹುಡುಕಿ ತೆಗೆದೆ. ತೆರೆದರೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು, ಪೌಂಡು ಡಾಲರಿನ ಗುರುತುಗಳು! ಮಾಸ್ತರರ ಪದಗಳೆಲ್ಲ ಯಾವುದೋ ದೇಶದ ಬೈಗುಳದ ಹಾಗೆ ಕಂಡವು. ಡಾಂಗಲ್ ಹೊಸ ಗಣಕದಲ್ಲಿ ಏಳಲಿಲ್ಲ. ತಂತ್ರಾಂಶ ಮಾಡಿದವರ ಹಳೆಯ ಫೋನ್ ನಂಬರಿಗೆ ಉತ್ತರವಿಲ್ಲ. ಆ ಕಂಪನಿಯ ಅಕ್ಷರ ಸಂಕೇತ ಯಾವುದು, ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಗುಟ್ಟು ಅವರ ಹೊಟ್ಟೆಯೊಳಗೇ ಉಳಿಯಿತು.

ಮಾಸ್ತರರ ಮನೆಯಲ್ಲಿದ್ದ ಒಂದೇ ಪ್ರತಿ ನೋಡಿ ಮುನ್ನೂರು ಪುಟ ಮತ್ತೆ ಹೊಡೆಸಿದೆವು. ಎರಡು ತಿಂಗಳು ಹಿಡಿಯಿತು. ಅದರಲ್ಲಿ ಒಂದು ಹಾಳೆಯನ್ನು ಗೆದ್ದಲು ತಿಂದಿತ್ತು. ಆ ಹಾಳೆಯ ಮೂರು ಪದ ಹಾಡಿದ ಮುದುಕಿಯರು ಯಾರೂ ಈಗಿಲ್ಲ. ಆ ಪದಗಳು ಈ ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ನನ್ನ ಕಪಾಟಿನ ಸಿಡಿಯೊಳಗೆ ಬೀಗ ಹಾಕಿಕೊಂಡು ಕೂತಿವೆ. ಹೊರಗಿನವರಾರೂ ಬಂದು ಹಾಕಿದ ಬೀಗವಲ್ಲ ಅದು. ಕನ್ನಡದ ಪ್ರೆಸ್ಸಿನಲ್ಲಿ, ಕನ್ನಡದವನು, ಕನ್ನಡದ ಹಾಡಿಗೆ ಹಾಕಿದ್ದು.

ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ಬಿಟ್ಟಿ ಬೇರೆ, ಮುಕ್ತ ಬೇರೆ. ನಾವು ಎರಡನ್ನೂ ಒಂದೇ ಎಂದುಕೊಂಡು ಕೆಟ್ಟೆವು. ಬಿಟ್ಟಿ ತಂತ್ರಾಂಶ ಎಂದರೆ ದುಡ್ಡಿಲ್ಲದೆ ಸಿಕ್ಕದ್ದು, ಅಷ್ಟೇ. ಒಳಗೇನಿದೆ ಎಂದು ಕಾಣದು. ಕೊಡುವವನು ನಾಳೆ ಕೈ ತೊಳೆದುಕೊಂಡರೆ ಮುಗಿಯಿತು. ಮುಕ್ತ ತಂತ್ರಾಂಶ ಎಂದರೆ ಅದರ ಮೂಲ ಬರವಣಿಗೆಯನ್ನು ಎಲ್ಲರ ಮುಂದೆ ಬಿಚ್ಚಿಟ್ಟದ್ದು. ಮಾಡಿದವನು ಸತ್ತರೂ ಇನ್ನೊಬ್ಬ ಎತ್ತಿಕೊಂಡು ನಡೆಸಬಹುದು. ನಮ್ಮ ಊರಿನ ಲೆಕ್ಕದಲ್ಲಿ ಹೇಳುತ್ತೇನೆ. ಸಿದ್ಧಾರೂಢ ಮಠದ ದಾಸೋಹದಲ್ಲಿ ಯಾರು ಹೋಗಿ ಕೂತರೂ ಎಲೆ ಹಾಕುತ್ತಾರೆ, ಜಾತಿ ಕೇಳುವುದಿಲ್ಲ, ದುಡ್ಡು ಕೇಳುವುದಿಲ್ಲ. ಉಣ್ಣುವವನಿಗೆ ಬಿಟ್ಟಿ. ಆದರೆ ಅಕ್ಕಿ, ಬೇಳೆ, ಬೆಲ್ಲ ಆಕಾಶದಿಂದ ಬೀಳುವುದಿಲ್ಲ. ಸುಗ್ಗಿ ಆದ ಕೂಡಲೇ ಚೀಲ ತಂದು ಇಳಿಸುವ ರೈತರಿದ್ದಾರೆ, ಹುಂಡಿಗೆ ಹಾಕುವ ಕೈಗಳಿವೆ. ಮುಕ್ತ ತಂತ್ರಾಂಶವೂ ಹಾಗೆ ದಾಸೋಹ. ನಾವು ಕನ್ನಡಿಗರು ಪಂಕ್ತಿಯಲ್ಲಿ ಮೊದಲು ಕೂತೆವು, ಚೀಲ ಹೊತ್ತು ತಂದವರಲ್ಲಿ ನಮ್ಮವರನ್ನು ಬೆರಳೆಣಿಸಬೇಕು.

ಹಾಗಂತ ನಮ್ಮಲ್ಲಿ ಕೊಟ್ಟವರೇ ಇಲ್ಲ ಎಂದರೆ ನಾಲಿಗೆ ಬಿದ್ದೀತು. ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್, ಕನ್ನಡದ ಉಚ್ಚಾರಕ್ಕೆ ಹೊಂದುವ ಕೀಲಿಮಣೆ ವಿನ್ಯಾಸ ಮಾಡಿ, ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ತಂತ್ರಾಂಶ ಮಾಡಿ ಕನ್ನಡಿಗರಿಗೆ ಹಂಚಿದರು. ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಮಾಡಿದ ‘ನುಡಿ’ಯ ಕೀಲಿಮಣೆಗೆ ತಾಯಿ ಅದೇ. ಇವತ್ತು ನಮ್ಮ ಪ್ರೆಸ್ಸಿನ ಹುಡುಗಿ ಕಣ್ಣು ಮುಚ್ಚಿ ಬೆರಳಾಡಿಸುವುದು ಆ ಮನುಷ್ಯನ ಬುದ್ಧಿಯ ಮೇಲೆ. ಅಮೆರಿಕದಲ್ಲಿ ಕೂತಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ವನ್ನು ಬಿಟ್ಟಿ ಬಿಟ್ಟರು. ಹತ್ತು ವರ್ಷದ ಮೇಲೆ ಕೊಟ್ಟರು. ಆಮೇಲೆ ಬೆಲೆ ಇಟ್ಟಾಗ ನಮ್ಮ ಓಣಿಯಲ್ಲಿ "ಇವನೂ ರೊಕ್ಕ ಕೇಳಾಕ ಹತ್ತಿದಾ" ಎಂದು ಗೊಣಗಿದವರನ್ನು ಕಂಡಿದ್ದೇನೆ. ನಾನೂ ಗೊಣಗಿದ್ದೇನೆ. ಹತ್ತು ವರ್ಷ ಉಂಡವನು ಹನ್ನೊಂದನೇ ವರ್ಷ ಬಡಿಸುವವನನ್ನು ಬೈದ ಹಾಗೆ! ಆ ಹತ್ತು ವರ್ಷ ನಾವೆಲ್ಲ ತಲೆಗೆ ನೂರು ರೂಪಾಯಿ ಕಳಿಸಿ, ‘ಸ್ವಾಮಿ, ಮೂಲ ಸಮೇತ ಕನ್ನಡಿಗರಿಗೆ ಬಿಚ್ಚಿಕೊಡಿ, ನಿಮ್ಮ ಕೂಲಿ ನಮಗಿರಲಿ’ ಎಂದಿದ್ದರೆ? ಆ ಮಾತನ್ನು ಆಡುವ ಒಂದು ಸಂಘ ಅಂದು ನಮ್ಮಲ್ಲಿ ಎದ್ದು ನಿಲ್ಲಲಿಲ್ಲ.

ಮೂಲ ಬಿಚ್ಚಿ ಕೊಟ್ಟವರೂ ಇದ್ದಾರೆ. ನುಡಿ, ಬರಹದ ಹಳೆಯ ಕಡತಗಳನ್ನು ಯುನಿಕೋಡಿಗೆ ತಿರುಗಿಸುವ ಒಂದು ಸಾಧನ ಬರೆದು, ಒಳಗಿನದನ್ನೆಲ್ಲ ತೆರೆದಿಟ್ಟವರು ಅರವಿಂದ ವಿ.ಕೆ. ಎಂಬ ಕನ್ನಡದ ತರುಣ. ‘ಗುಬ್ಬಿ’ ಎಂಬ ಮುಕ್ತ ಕನ್ನಡ ಫಾಂಟಿನ ಹಿಂದೆಯೂ ಅವರ ಕೈಯಿದೆ. ನಮ್ಮ ಮಾಸ್ತರರ ಕಡತಕ್ಕೆ ಅಂಥದೊಂದು ಸಾಧನ ಹುಟ್ಟಲಿಲ್ಲ ಎಂಬುದು ಬೇರೆ ಮಾತು.

ಈಗ ಪರದೆಯ ಕಥೆಗೆ ಬನ್ನಿ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. ಪ್ರತಿ ಅಕ್ಷರಕ್ಕೆ ಜಗತ್ತೆಲ್ಲ ಒಪ್ಪುವ ಒಂದು ಸಂಖ್ಯೆ. ಆದರೆ ಸಂಖ್ಯೆ ಸಿಕ್ಕ ಮಾತ್ರಕ್ಕೆ ಅಕ್ಷರ ಕಾಣುವುದಿಲ್ಲ. ಕ, ವಿರಾಮ, ಷ ಎಂಬ ಮೂರು ಸಂಖ್ಯೆ ಬಂದರೆ ಅದನ್ನು ‘ಕ್ಷ’ ಎಂದು ಕೂಡಿಸಿ ತೋರಿಸುವ ಕಂಪೋಸಿಟರ್ ಒಬ್ಬ ಒಳಗೆ ಬೇಕು. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ, ಲಿಬ್ರೆ ಆಫೀಸಿನಲ್ಲಿ ಆ ಕೆಲಸ ಮಾಡುವ ಕಂಪೋಸಿಟರನ ಹೆಸರು ಹರ್ಫ್‌ಬಝ್. ಪಾರ್ಸಿ ಮಾತು. ಹರ್ಫ್ ಎಂದರೆ ಅಕ್ಷರ, ಉರ್ದು ಬಲ್ಲ ನಮ್ಮ ಊರಿನವರಿಗೆ ಹೇಳಬೇಕಿಲ್ಲ. ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಅದನ್ನು ಕಟ್ಟಿದವರಲ್ಲಿ ಮುಖ್ಯರು. ಅದೂ ಮುಕ್ತ ತಂತ್ರಾಂಶ. ರಾಜ್ಯೋತ್ಸವದ ದಿನ ನೀವು ವಾಟ್ಸಾಪಿನಲ್ಲಿ ಕಳಿಸುವ ‘ಸಿರಿಗನ್ನಡಂ ಗೆಲ್ಗೆ’ಯ ಒತ್ತು ಸರಿಯಾಗಿ ಕೂರುವುದು ಇಂಥವರ ದಯೆಯಿಂದ. ಕೃತಜ್ಞತೆ ಬೇಡವೇ?

ಫಾಂಟುಗಳ ಲೆಕ್ಕ ತೆಗೆದರೆ ಇನ್ನೂ ನಾಚಿಕೆ. ವಿಂಡೋಸಿನ ‘ತುಂಗಾ’ ಮೈಕ್ರೋಸಾಫ್ಟಿನದು. ‘ನೋಟೋ ಕನ್ನಡ’ ಗೂಗಲ್ ಮಾಡಿಸಿದ್ದು. ‘ಬಾಲೂ ತಮ್ಮ’, ‘ಅನೇಕ್ ಕನ್ನಡ’ ಮುಂಬಯಿಯ ಏಕ್ ಟೈಪ್‌ನವರದು. ‘ಆಕಾಯ ಕನ್ನಡಕ’ದಲ್ಲಿ ಮಾತ್ರ ನಮ್ಮ ವೈಷ್ಣವಿ ಮೂರ್ತಿಯವರ ಕೈಯಿದೆ, ಹ್ವಾನ್ ಲೂಯಿಸ್ ಬ್ಲಾಂಕೊ ಎಂಬುವರ ಜೊತೆ. ಇವರೆಲ್ಲ ಒಳ್ಳೆಯ ಕೆಲಸ ಮಾಡಿದ್ದಾರೆ, ನನ್ನ ತಕರಾರು ಅವರ ಮೇಲಲ್ಲ. ಅಂದು ಸೋದರಳಿಯ ಇನ್ನೊಂದು ತೋರಿಸಿದ. "ಮಾಮಾ, ನಿಮ್ಮ ಊರಿನ ಹೆಸರಿನ ಫಾಂಟೈತಿ ನೋಡ್ರಿ."

ಹೌದು ಬಂಧುಗಳೇ. ‘ಹುಬ್ಬಳ್ಳಿ’ ಎಂಬ ಹೆಸರಿನ ಕನ್ನಡ ಫಾಂಟೊಂದಿದೆ! ಗೂಗಲ್ಲಿನ ಭಂಡಾರದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹಗುರ ಗೆರೆ, ಎಲ್ಲ ಕಡೆ ಒಂದೇ ದಪ್ಪ, ಬಾಲ್ ಪೆನ್ನಿನಲ್ಲಿ ಶಾಂತವಾಗಿ ಬರೆದ ಹಾಗೆ. ಆಮಂತ್ರಣ ಪತ್ರಿಕೆಗೆ ಚೆಂದ ಒಪ್ಪುತ್ತದೆ. ಮಾಡಿದವರು ಎರಿನ್ ಮೆಕ್‌ಲಾಫ್ಲಿನ್ ಎಂಬ ಅಮೆರಿಕದ ಹೆಣ್ಣುಮಗಳು. ಮೂರುಸಾವಿರ ಮಠ ಇರುವ ಊರಿನಲ್ಲಿ, ಪಾಟೀಲ ಪುಟ್ಟಪ್ಪನವರು ‘ಪ್ರಪಂಚ’ ನಡೆಸಿದ ಊರಿನಲ್ಲಿ, ಮಗ್ಗುಲಿನ ಧಾರವಾಡದಲ್ಲಿ 1890ರಿಂದ ವಿದ್ಯಾವರ್ಧಕ ಸಂಘ ಇರುವಾಗ, ಮುದ್ರಣ ಕಾಶಿ ಎನ್ನಿಸಿಕೊಂಡ ಗದಗ ಒಂದು ತಾಸಿನ ದಾರಿಯಲ್ಲಿರುವಾಗ, ಹುಬ್ಬಳ್ಳಿ ಹೆಸರಿನ ಅಕ್ಷರ ತಿದ್ದಲು ಅಮೆರಿಕದ ಆ ತಾಯಿಯೇ ಬೇಕಾಯಿತು. ಆಕೆಗೆ ಶರಣು. ನಮಗೆ?

ಆ ಫಾಂಟಿನಲ್ಲಿ ಒಂದು ಕೊರತೆ. ಒಂದೇ ದಪ್ಪ ಇದೆ. ಬೋಲ್ಡ್ ಇಲ್ಲ. ಬೋಲ್ಡ್ ಇಲ್ಲದೆ ಪತ್ರಿಕೆಯ ತಲೆಬರಹ ಆಗದು, ಜಾತ್ರೆಯ ಪೋಸ್ಟರ್ ಆಗದು, ಚಳವಳಿಯ ಬ್ಯಾನರ್ ಅಂತೂ ಆಗಲೇ ಆಗದು. ಆದರೆ ಅದರ ಪರವಾನಗಿ ಮುಕ್ತ ಫಾಂಟಿನದು. ಬೇಕಾದವರು ಬೆಳೆಸಿಕೊಳ್ಳಬಹುದು, ಬೆಳೆಸಿದ್ದನ್ನು ಅದೇ ಷರತ್ತಿನ ಮೇಲೆ ಎಲ್ಲರಿಗೂ ಕೊಡಬೇಕು, ಅಷ್ಟೇ. ಅಂದರೆ ಹುಬ್ಬಳ್ಳಿಗೆ ಬೋಲ್ಡ್ ಮಾಡಿಸುವುದಕ್ಕೆ ಹುಬ್ಬಳ್ಳಿಯವರಿಗೆ ಯಾರ ಅಪ್ಪಣೆಯೂ ಬೇಡ. ಬೇಕಾದ್ದು ಅಕ್ಷರ ತಿದ್ದಬಲ್ಲ ಒಬ್ಬ ಮನುಷ್ಯ, ಮತ್ತು ಅವನ ಒಂದು ವರ್ಷದ ಕೂಲಿ.

ಒಂದು ವರ್ಷ ಯಾಕೆ ಎಂದು ಕೇಳಬಹುದು. 34 ವ್ಯಂಜನಕ್ಕೆ ಕಾಗುಣಿತ ಹಾಕಿದರೇ 400 ದಾಟುತ್ತದೆ. ಮೇಲೆ ಒತ್ತುಗಳು, ಒತ್ತಿನ ಮೇಲೆ ಒತ್ತು. ‘ಸ್ತ್ರೀ’ ಎನ್ನುವಾಗ ಕೆಳಗೆ ಎರಡು ಒತ್ತು ಒಂದಕ್ಕೊಂದು ತಾಗದಂತೆ ಕೂರಬೇಕು. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣಬೇಕು. ಇಲ್ಲದಿದ್ದರೆ ‘ಬಂಗಾರ’ದಲ್ಲಿ ಅನುಸ್ವಾರದ ಬದಲು ಸೊನ್ನೆ ಹೊಡೆದದ್ದು ಪ್ರೂಫ್ ನೋಡುವವನ ಕಣ್ಣಿಗೆ ಬೀಳುವುದೇ ಇಲ್ಲ, ಗಣಕದಲ್ಲಿ ಹುಡುಕಿದರೆ ಬಂಗಾರ ಸಿಗುವುದೂ ಇಲ್ಲ. ಇಂಗ್ಲಿಷಿನ ಸೊನ್ನೆಗೂ ಓಗೂ ಜಗಳ ಆಡುವ ಪ್ರೋಗ್ರಾಮರುಗಳಲ್ಲಿ ಎಷ್ಟೋ ಜನ ನಮ್ಮ ನಾಡಿನವರು, ಈ ಜಗಳವನ್ನು ಕನ್ನಡಕ್ಕಾಗಿ ಆಡಿದವರು ಎಷ್ಟು ಮಂದಿ? ಅಂದು ಸೋದರಳಿಯನ ಕರಿ ಪರದೆಯಲ್ಲಿ ‘ಲಕ್ಷ್ಮೀ’ ಎಂದು ಹೊಡೆಯಿಸಿ ನೋಡಿದೆ. ಪ್ರತಿ ಅಕ್ಷರಕ್ಕೆ ಒಂದೇ ಅಗಲದ ಖಾನೆ ಅಲ್ಲಿ, ಟೈಪ್‌ರೈಟರಿನ ಹಾಗೆ. ನಮ್ಮ ಒತ್ತುಗಳು ಆ ಖಾನೆಯಲ್ಲಿ ಹಿಡಿಸದೆ ಒಂದರ ಮೇಲೊಂದು ಬಿದ್ದವು. ಪೂಜೆ ಮಾಡಿದ ದಿನವೇ ಲಕ್ಷ್ಮಿಯ ಕೈಕಾಲು ಮುರಿದಿತ್ತು.

ಅರ್ಕಾವೊತ್ತಿನ ಪಾಡು ಹೇಳಿ ಮುಂದೆ ಹೋಗುತ್ತೇನೆ. ಚಳವಳಿಯ ಗೆಳೆಯರೊಬ್ಬರು ಗಡಿ ವಿಷಯಕ್ಕೆ ಬೃಹತ್ ‘ರ‍್ಯಾಲಿ’ ಎಂದು ಬ್ಯಾನರ್ ಮಾಡಲು ಫೋನಿನಲ್ಲೇ ಬರೆದು ಕಳಿಸಿದರು. ರಕಾರದ ಕೆಳಗೆ ಯಕಾರದ ಒತ್ತು ಬರಬೇಕಾದಲ್ಲಿ ಯಕಾರದ ಪಕ್ಕಕ್ಕೆ ಅರ್ಕಾವೊತ್ತು ಬಂದು ಕೂತು ‘ರ್ಯಾಲಿ’ ಆಯಿತು. ಓದಿದರೆ ‘ಯಾರ್ಲಿ’! ನಾವೂ ನೋಡದೆ ಹೊಡೆದುಕೊಟ್ಟೆವು. ಮೆರವಣಿಗೆಯ ಮುಂದೆ ಅಷ್ಟು ದೊಡ್ಡದಾಗಿ ಯಾರ್ಲಿ ಯಾರ್ಲಿ ಎಂದು ಹೋಯಿತು. ನಡುವೆ ಕಾಣದ ಒಂದು ಗುರುತು ಹೊಡೆದರೆ ಸರಿಯಾಗುತ್ತದೆ. ಆ ಗುರುತು ಹೊಡೆಯುವುದನ್ನು ಜನರಿಗೆ ಸುಲಭ ಮಾಡುವ ಕೀಲಿಮಣೆ ಬೇಕು, ಅದನ್ನು ಸರಿಯಾಗಿ ತೋರಿಸುವ ಫಾಂಟು ಬೇಕು. ಇದನ್ನು ಸರಿಮಾಡುವುದೂ ಕನ್ನಡ ಚಳವಳಿಯೇ ಎಂದು ನಾನು ವಾದಿಸುತ್ತೇನೆ.

ಬೇರೆಯವರು ಏನು ಮಾಡಿದರು ನೋಡಿ. ಮಲಯಾಳಿಗಳು ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂದು ಕೂಟ ಕಟ್ಟಿಕೊಂಡು ಮುಕ್ತ ಫಾಂಟುಗಳನ್ನು ಮಾಡುತ್ತಲೇ ಬಂದಿದ್ದಾರೆ. 2019ರಲ್ಲಿ ಅವರು ಬಿಟ್ಟ ‘ಗಾಯತ್ರಿ’ ಫಾಂಟಿನ ಖರ್ಚಿಗೆ ಹಣ ಕೊಟ್ಟದ್ದು ಅಲ್ಲಿನ ಸರ್ಕಾರದ ಕೇರಳ ಭಾಷಾ ಇನ್‌ಸ್ಟಿಟ್ಯೂಟ್. ಸರ್ಕಾರದ ದುಡ್ಡು, ಫಾಂಟು ಜನರದ್ದು. ಇನ್ನು ಪುಟ ಕಟ್ಟುವ ‘ಸ್ಕ್ರೈಬಸ್’ ಎಂಬ ಮುಕ್ತ ತಂತ್ರಾಂಶ. ಅದರಲ್ಲಿ ಬಹಳ ವರ್ಷ ಕನ್ನಡ ಸರಿಯಾಗಿ ಕೂರುತ್ತಿರಲಿಲ್ಲ. ಒಮಾನ್ ದೇಶದ ಒಂದು ತಂಡ ತಮ್ಮ ಅರಬ್ಬೀ ಅಕ್ಷರಕ್ಕಾಗಿ ಅದರ ಒಳಗನ್ನು ಹೊಸದಾಗಿ ಕಟ್ಟಿತು. 2017ರ ಆವೃತ್ತಿಯಲ್ಲಿ ಅದು ಬಂದಾಗ ಅರಬ್ಬೀ ಜೊತೆ ನಮ್ಮ ಒತ್ತಕ್ಷರವೂ ಕೂತಿತು. ಒಮಾನಿನವರು ಬಿತ್ತಿದರು, ನಾವು ಕೊಯ್ದೆವು. ಇಷ್ಟಾದರೂ ನಮ್ಮ ಸುತ್ತಿನ ಎಷ್ಟೋ ಪ್ರೆಸ್ಸುಗಳು 2001ರ ಪೇಜ್‌ಮೇಕರ್ 7 ಹಿಡಿದು ಕೂತಿವೆ. ಮಾಡಿದ ಕಂಪನಿಯೇ ಅದನ್ನು ಕೈಬಿಟ್ಟು ಇಪ್ಪತ್ತು ವರ್ಷವಾಯಿತು! ಯುನಿಕೋಡ್ ಅದಕ್ಕೆ ತಿಳಿಯದು. ನಾಳೆ ಅದರ ಕಡತಗಳಿಗೂ ನಮ್ಮ ಮಾಸ್ತರರ ಪದಗಳ ಗತಿಯೇ.

ದುಡ್ಡು ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು ಜಗತ್ತು 2014ರಲ್ಲಿ ಕಂಡಿದೆ. ಬ್ಯಾಂಕು, ಅಂಗಡಿ, ಸರ್ಕಾರ ಎಲ್ಲರೂ ತಮ್ಮ ಗುಟ್ಟು ಕಾಯಲು ನೆಚ್ಚಿಕೊಂಡಿದ್ದ ‘ಓಪನ್ ಎಸ್‌ಎಸ್‌ಎಲ್’ ಎಂಬ ಮುಕ್ತ ತಂತ್ರಾಂಶದಲ್ಲಿ ದೊಡ್ಡ ತೂತು ಸಿಕ್ಕಿತು. ವಿಚಾರಿಸಿದರೆ ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ, ಅವರಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್! ಕೋಟಿ ಕೋಟಿಯ ವ್ಯವಹಾರ ನಿಂತದ್ದು ಒಂದು ಜಾತ್ರೆಯ ಪಟ್ಟಿಗಿಂತ ಕಡಿಮೆ ದುಡ್ಡಿನ ಮೇಲೆ. ಆಮೇಲೆ ದೊಡ್ಡ ಕಂಪನಿಗಳು ಓಡಿ ಬಂದು ನಿಧಿ ಕೂಡಿಸಿದವು.

ನಮ್ಮ ನೆಲದಲ್ಲೂ ಒಳ್ಳೆಯದು ಆಗಿಲ್ಲವೆಂದಲ್ಲ. ವಿ. ಕೃಷ್ಣ ಎಂಬ ಹಿರಿಯರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟು ಪದಗಳದ್ದು, 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆಯಿತು. ತೆರೆಯಲು ಕೈಹಚ್ಚಿದವರು ಬೆಂಗಳೂರಿನ ಜೆರೋಧಾ ಕಂಪನಿಯ ಕೈಲಾಶ್ ನಾಧ್, ಮಲಯಾಳಂಗೂ ಅಂಥ ನಿಘಂಟು ಮಾಡಿದವರು. ಅದೇ ಕಂಪನಿ 2024ರ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕೊಡುವ ನಿಧಿ ತೆಗೆಯಿತು. ಬೆಂಗಳೂರಿನ ನೆಲದಲ್ಲೇ ಹುಂಡಿ ಇದೆ. ಕನ್ನಡದ ಹೆಸರಿನಲ್ಲಿ ಹೋಗಿ ಕೇಳುವ ಕೈಗಳು ಬೇಕು.

ಈಗ ನಮ್ಮ ಜೇಬಿಗೆ ಬರುತ್ತೇನೆ. ನವೆಂಬರ್ ಬಂದರೆ ನನಗೆ ಸುಗ್ಗಿ. ಅವಳಿ ನಗರದ ಎಷ್ಟು ಸಂಘಗಳ ಬ್ಯಾನರ್ ಹೊಡೆದಿದ್ದೇನೆ ಎಂಬ ಲೆಕ್ಕ ನನ್ನ ಬಿಲ್ ಪುಸ್ತಕದಲ್ಲಿದೆ. ಅಧ್ಯಕ್ಷರ ಮುಖ ದೊಡ್ಡದು, ಉಪಾಧ್ಯಕ್ಷರ ಮುಖ ಅದಕ್ಕಿಂತ ಸಣ್ಣದು, ಭುವನೇಶ್ವರಿ ಮೂಲೆಯಲ್ಲಿ ಇನ್ನೂ ಸಣ್ಣ. ಡಿಸೆಂಬರ್ ಹೊತ್ತಿಗೆ ಅದು ಹಸುಗಳ ಕೊಟ್ಟಿಗೆಯ ಮೇಲೆ. ನಾನು ಅದರಿಂದ ಉಂಡವನು, ಅದನ್ನು ನಿಲ್ಲಿಸಿ ಎನ್ನಲಾರೆ. ಹತ್ತು ಬ್ಯಾನರಿನಲ್ಲಿ ಒಂದನ್ನು ಕಡಿಮೆ ಮಾಡಿ, ಆ ದುಡ್ಡನ್ನು ಅಕ್ಷರಕ್ಕೆ ಇಡಿ ಎನ್ನುತ್ತೇನೆ. ನನ್ನ ಗಿರಾಕಿ ಕಡಿಮೆಯಾದರೂ ಚಿಂತೆಯಿಲ್ಲ.

ಪ್ರೆಸ್ಸಿನವರಿಗೆ ಹೇಳುವುದು ಇಷ್ಟೇ: ವರ್ಷಕ್ಕೆ ಒಂದು ರೀಮು ಕಾಗದದ ದುಡ್ಡು. ಕದ್ದ ಸಿಡಿಯ ಪಾಪಕ್ಕೆ ಅದು ಬಹಳ ಅಗ್ಗದ ಪ್ರಾಯಶ್ಚಿತ್ತ. ಇನ್ನು ಪ್ರೋಗ್ರಾಂ ಬರೆಯುವ ನಮ್ಮ ಮಕ್ಕಳೇ, ಇನ್ಫೋಸಿಸ್ ಆವರಣ ಹುಬ್ಬಳ್ಳಿಗೇ ಬಂದಿದೆ, ಐ.ಐ.ಟಿ. 2016ರಿಂದ ಧಾರವಾಡದಲ್ಲಿದೆ. ದುಡ್ಡಿಗಿಂತ ನಿಮ್ಮ ಭಾನುವಾರದ ಎರಡು ತಾಸು ದೊಡ್ಡದು. ಒಂದು ಫಾಂಟಿನ ಒತ್ತು ತಿದ್ದಿ, ಒಂದು ಹಳೆಯ ಸಂಕೇತದ ಗುಟ್ಟು ಒಡೆದು ಪರಿವರ್ತಕ ಬರೆಯಿರಿ. ಫೀರಾಕ್ಕೆ ಕಳಿಸುವ 5 ಡಾಲರ್ ನಿಲ್ಲಿಸಬೇಡಿ, ಅದರ ಜೊತೆ ಲಿಬ್ರೆ ಆಫೀಸಿಗೆ, ಸ್ಕ್ರೈಬಸ್ಸಿಗೆ ಕಳಿಸಿ. ಎರಡಕ್ಕೂ ದೇಣಿಗೆ ಕಳಿಸುವ ದಾರಿ ಇದೆ, ಎರಡರಲ್ಲೂ ಕನ್ನಡ ಓಡುತ್ತದೆ.

ಸರ್ಕಾರಕ್ಕೆ ನಮ್ಮ ಬೇಡಿಕೆ ಒಂದೇ, ಅದನ್ನು ಬೇಡಿಕೆ ಎಂದೇ ಓದಿಕೊಳ್ಳಲಿ: ಕನ್ನಡಿಗರ ತೆರಿಗೆಯ ದುಡ್ಡಿನಲ್ಲಿ ಮಾಡಿಸಿದ ಪ್ರತಿ ಫಾಂಟು, ಪ್ರತಿ ಪರಿವರ್ತಕ, ಪ್ರತಿ ಕೀಲಿಮಣೆ ತಂತ್ರಾಂಶ ಮೂಲ ಸಮೇತ, ಮುಕ್ತ ಪರವಾನಗಿಯಲ್ಲಿ ಕನ್ನಡಿಗರಿಗೆ ಸಿಗಬೇಕು. ಟೆಂಡರಿನ ಕಾಗದದಲ್ಲೇ ಆ ಷರತ್ತು ಬರೆಯಬೇಕು. ಕೇರಳಕ್ಕೆ ಸಾಧ್ಯವಾದದ್ದು ನಮಗೇಕೆ ಆಗದು?

ಸೋದರಳಿಯ ಕೇಳಿದ ‘ಎಲ್ಲಿಗೆ ಕಳಸ್ಲಿ’ ಎಂಬುದಕ್ಕೆ ಸಣ್ಣ ಉತ್ತರ ಸಿದ್ಧ ಮಾಡಿದ್ದೇನೆ. ನಮ್ಮ ಪ್ರೆಸ್ಸಿನ ಗಲ್ಲೆಯ ಪಕ್ಕ ಒಂದು ಡಬ್ಬಿ ಇಟ್ಟಿದ್ದೇನೆ. ಮೇಲೆ ‘ಹುಬ್ಬಳ್ಳಿ ಬೋಲ್ಡ್’ ಎಂದು ಬರೆದಿದೆ. ಮೊದಲ ನೋಟುಗಳು ನನ್ನವು: ಕದ್ದ ಎರಡು ಪ್ರತಿಯ ಅಂದಿನ ಬೆಲೆಯನ್ನು ಲೆಕ್ಕ ಹಾಕಿ ಹಾಕಿದ್ದೇನೆ. ಅಪ್ಪನಿಗೆ ಈಗ ಎಂಬತ್ತು ದಾಟಿದೆ, ಅವನೂ 10 ರೂಪಾಯಿ ಹಾಕಿ "ಮೊಳಿ ತರಾಕ ಏನು?" ಎಂದ. ಹೌದಪ್ಪಾ ಎಂದೆ. ಪ್ರತಿ ತಿಂಗಳ ಲೆಕ್ಕ ಇದೇ ಪತ್ರಿಕೆಯ ಕೊನೆಯ ಪುಟದಲ್ಲಿ ಅಚ್ಚಾಗುತ್ತದೆ, ಪೈಸೆ ಸಮೇತ. ಅಕ್ಷರ ತಿದ್ದಬಲ್ಲವರು ನಿಮ್ಮ ಓಣಿಯಲ್ಲಿದ್ದರೆ ಕಳಿಸಿಕೊಡಿ. ರಂಗೋಲಿ ಹಾಕುವ ಕೈ, ಅಂಗಡಿ ಬೋರ್ಡು ಬರೆದ ಹಳೆಯ ಪೇಂಟರನ ಕೈ ಆದರೂ ನಡೆದೀತು, ಗಣಕದ ಕೆಲಸವನ್ನು ನನ್ನ ಸೋದರಳಿಯನ ಗೆಳೆಯರು ಕಲಿಸುತ್ತೇವೆಂದು ಒಪ್ಪಿದ್ದಾರೆ. ಹಳೆಯ ಪುಸ್ತಕಗಳ ಸಿಡಿ, ಫ್ಲಾಪಿ ನಿಮ್ಮ ಅಟ್ಟದ ಮೇಲಿದ್ದರೆ ಎಸೆಯಬೇಡಿ, ಅವನ್ನೂ ತನ್ನಿ. ಮಾಸ್ತರರ ಸಿಡಿಯನ್ನು ಆ ಹುಡುಗರಿಗೆ ಕೊಟ್ಟಿದ್ದೇನೆ. ‘ಕ’ ಯಾವ ಸಂಖ್ಯೆ ಎಂಬುದು ಸಿಕ್ಕಿದೆಯಂತೆ, ಒತ್ತುಗಳು ಇನ್ನೂ ಸಿಕ್ಕಿಲ್ಲ.